ಕಿಟಕಿಯ ಹೊರಗೆ ಕೊರೆದ ಹೆಸರು

ಮೊದಲ ದಿನ: ಅಬರ್ಡೀನ್

ಹೋದ ವರ್ಷ ಮಗಳು ಫೋನಿಗೆ ಒಂದು ಫೋಟೋ ಕಳಿಸಿದ್ದಳು. ಕಿಟಕಿಯ ಆಚೆ, ಕಲ್ಲಿನ ಅಂಚಿನ ಮೇಲೆ ಕೊರೆದ ಒಂದಷ್ಟು ಅಕ್ಷರ. ಕೆಳಗೆ ಒಂದೇ ಸಾಲು ಬರೆದಿದ್ದಳು: "ಅಮ್ಮ, ಇದನ್ನ ಒಬ್ಬಳು ಸತ್ತ ಮೇಲೆ ಬಂದು ಬರೆದಳಂತೆ." ಆ ಫೋಟೋ ನನ್ನ ತಲೆಯಿಂದ ಹೋಗಲೇ ಇಲ್ಲ. ಈ ಸೆಪ್ಟೆಂಬರ್‌ನಲ್ಲಿ ಅವಳ ಮನೆಗೆ ಬಂದಾಗ ಮೊದಲು ಹೇಳಿದ್ದೇ ಅದು. ಎಡಿನ್‌ಬರೋ ಆಮೇಲೆ ನೋಡೋಣ, ಮೊದಲು ಆ ಕಿಟಕಿ ತೋರಿಸು.

ಅವಳಿರುವುದು ಸ್ಕಾಟ್‌ಲೆಂಡ್‌ನ ಅಬರ್ಡೀನ್‌ನಲ್ಲಿ. ಸಮುದ್ರದ ಎಣ್ಣೆ ಬಾವಿಗಳ ಕೆಲಸಕ್ಕೆ ಎಲ್ಲೆಲ್ಲಿಂದಲೋ ಜನ ಬಂದು ಸೇರಿದ ಊರು. ಊರೆಲ್ಲ ಬೂದು ಗ್ರಾನೈಟ್. ಮಳೆ ಬಂದು ಬಿಸಿಲು ಬಿದ್ದರೆ ಗೋಡೆಗಳು ಅಭ್ರಕದ ಹಾಗೆ ಮಿನುಗುತ್ತವೆ. ಆ ದಿನ ಬೇರೇನೂ ಮಾಡಲಿಲ್ಲ. ಅನ್ನ ಸಾರು ಉಂಡು ಮಲಗಿದೆ.

ಎರಡನೇ ದಿನ: ಕ್ರೇಥ್ಸ್

ಆ ಕಿಟಕಿ ಇರುವ ಫೈವಿ ಕೋಟೆಗೆ ಹೋಗುವ ಮೊದಲು ಕ್ರೇಥ್ಸ್ ಕೋಟೆ ನೋಡಲೇಬೇಕು ಎಂದಳು ಮಗಳು. ಅಬರ್ಡೀನ್‌ನಿಂದ ಡೀ ನದಿಯ ಪಕ್ಕದಲ್ಲೇ ಬಸ್ಸು ಹೋಗುತ್ತದೆ. ಸುಮಾರು 25 ಕಿಲೋಮೀಟರ್. ಇಳಿದು ಮರಗಳ ನಡುವೆ ನಡೆದರೆ ಎತ್ತರದ, ಸಪೂರವಾದ ಗೋಪುರದ ಮನೆ. ಬುಡದಲ್ಲಿ ಬೋಳು ಗೋಡೆ, ಮೇಲೆ ಹೋದ ಹಾಗೆ ಮೂಲೆಮೂಲೆಗೂ ಚಿಕ್ಕಚಿಕ್ಕ ಗೋಪುರ. 1553ರಲ್ಲಿ ಕೆಲಸ ಶುರುವಾಗಿ ಮುಗಿದಿದ್ದು 1596ರಲ್ಲಿ. ಕಟ್ಟಿಸಿದವರು ಬರ್ನೆಟ್ ಮನೆತನದವರು.

ದೊಡ್ಡ ಹಜಾರದ ಒಲೆಯ ಮೇಲೆ ಒಂದು ಕೊಂಬು ತೂಗುತ್ತದೆ. 'ಲೀಸ್‌ನ ಕೊಂಬು' ಎಂದೇ ಹೆಸರು. ದಂತದ್ದು. ಸುತ್ತ ಚಿನ್ನದ ಮುಲಾಮಿನ ಪಟ್ಟಿಗಳು, ಪಟ್ಟಿಯಲ್ಲಿ ಸ್ಫಟಿಕ, ಕೆಂಪು ಕಲ್ಲು. 1323ರಲ್ಲಿ ರಾಬರ್ಟ್ ಬ್ರೂಸ್ ದೊರೆ ಈ ಮನೆತನದ ಹಿರಿಯನಿಗೆ ಇಲ್ಲಿನ ಜಮೀನು ಕೊಟ್ಟ. ಅದರ ಗುರುತಿಗೆ ಈ ಕೊಂಬು ಕೊಟ್ಟ ಎಂದು ಮನೆಯವರು ಹೇಳಿಕೊಂಡು ಬಂದಿದ್ದಾರೆ. ಅವರ ಲಾಂಛನದಲ್ಲೂ ಕೊಂಬೇ ಇದೆ. ನಾನು ಅದರ ಕೆಳಗೆ ತುಂಬ ಹೊತ್ತು ನಿಂತೆ. 700 ವರ್ಷ ಒಂದು ವಸ್ತು ಒಂದೇ ಮನೆಯ ಕೈಯಲ್ಲಿ ಉಳಿಯುವುದು ಅಂದ್ರೆ ಸುಮ್ನೆ ಮಾತಲ್ಲ. ಎಷ್ಟು ಸಲ ಮನೆ ಪಾಲಾಗಿರಬೇಕು, ಎಷ್ಟು ಸಲ ಸಾಲ ಆಗಿರಬೇಕು. 1966ರಲ್ಲಿ ಬೆಂಕಿ ಬಿದ್ದು ಪಕ್ಕದ ಹೊಸ ಕಟ್ಟಡವೇ ಸುಟ್ಟುಹೋಯಿತು. ಕೊಂಬು ಮಾತ್ರ ಇದೆ.

ಈ ಮನೆಯ ದೆವ್ವ ಹಸಿರು ಬಟ್ಟೆಯ ಹೆಂಗಸು. ಅವಳದ್ದೇ ಒಂದು ಕೋಣೆ ಇದೆ. ಚಾವಣಿಯ ತೊಲೆ ಹಲಗೆಗಳ ಮೇಲೆಲ್ಲ ಬಣ್ಣದ ಚಿತ್ರ, ಗಾದೆ ಮಾತು. ಆ ಚಿತ್ರಗಳು ಎಷ್ಟೋ ಕಾಲ ಮುಚ್ಚಿಹೋಗಿದ್ದು, ಮತ್ತೆ ಬೆಳಕಿಗೆ ಬಂದಿದ್ದು 1877ರಲ್ಲಿ. ಆ ಹೆಂಗಸು ಕೈಯಲ್ಲಿ ಕೂಸು ಎತ್ತಿಕೊಂಡು ಕೋಣೆ ದಾಟಿ ಒಲೆಯ ಹತ್ತಿರ ಹೋಗಿ ಮಾಯವಾಗುತ್ತಾಳಂತೆ. ಹತ್ತೊಂಬತ್ತನೇ ಶತಮಾನದಲ್ಲಿ ರಿಪೇರಿ ಮಾಡುವಾಗ ಆ ಒಲೆಯ ಕಲ್ಲಿನಡಿ ಮಗುವಿನ ಮೂಳೆ ಸಿಕ್ಕಿತು ಎನ್ನುತ್ತಾರೆ. ಕೆಲಸದ ಹುಡುಗಿಯೊಬ್ಬಳು ಬಸಿರಾಗಿ, ಆಮೇಲೆ ಅವಳೂ ಕೂಸೂ ಇಲ್ಲವಾದರು ಅನ್ನುವುದು ಜನ ಹೇಳುವ ಕಥೆ.

ಕೊಂಬು ಕೊಟ್ಟ ದೊರೆಯ ಹೆಸರು ಗೊತ್ತು, ವರ್ಷ ಗೊತ್ತು, ಪಡೆದವನ ಹೆಸರು ಅಲೆಕ್ಸಾಂಡರ್ ಬರ್ನಾರ್ಡ್ ಅಂತಲೂ ಗೊತ್ತು. ಈ ಹುಡುಗಿಗೆ ಹೆಸರಿಲ್ಲ. ಹಸಿರು ಬಟ್ಟೆ ಅಷ್ಟೇ. ಇದು ನನಗೆ ಬಹಳ ಚುಚ್ಚಿತು.

ಹೊರಗೆ ತೋಟದಲ್ಲಿ 1702ರಲ್ಲಿ ನೆಟ್ಟ ಯೂ ಮರದ ಬೇಲಿಗಳಿವೆ. ಆನೆ ಗಾತ್ರಕ್ಕೆ ಬೆಳೆಸಿ, ದುಂಡಗೆ ಕತ್ತರಿಸಿದ್ದಾರೆ. ಅವುಗಳ ಪಕ್ಕ ಕೂತು ಬುತ್ತಿ ಬಿಚ್ಚಿದೆವು. ಚಪಾತಿ, ಆಲೂಗಡ್ಡೆ ಪಲ್ಯ.

ಮೂರನೇ ದಿನ: ಫೈವಿ

ಫೈವಿ ಅಬರ್ಡೀನ್‌ಗೆ ವಾಯವ್ಯದಲ್ಲಿ, 40 ಕಿಲೋಮೀಟರ್ ದೂರ. ದಾರಿಯುದ್ದಕ್ಕೂ ಕೊಯ್ದ ಬಾರ್ಲಿ ಗದ್ದೆ, ಹುಲ್ಲಿನ ದುಂಡು ಉರುಳೆಗಳು. ಐಥನ್ ಅನ್ನುವ ಸಣ್ಣ ನದಿ. ನಮ್ಮ ಕಡೆ ಇದನ್ನು ಹೊಳೆ ಅನ್ನುತ್ತಾರೆ ಅಷ್ಟೇ. ಅದರ ಬಳುಕಿನಲ್ಲಿ, ಮರಗಳ ಹಿಂದೆ, ಐದು ಗೋಪುರದ ಮನೆ.

ಒಂದೊಂದು ಗೋಪುರಕ್ಕೆ ಒಂದೊಂದು ಮನೆತನದ ಹೆಸರು: ಪ್ರೆಸ್ಟನ್, ಮೆಲ್ಡ್ರಮ್, ಸೀಟನ್, ಗಾರ್ಡನ್, ಲೀತ್. ಮನೆ ಕೈಯಿಂದ ಕೈಗೆ ಹೋದದ್ದೂ ಅದೇ ಸಾಲಿನಲ್ಲಿ. ಕ್ರೇಥ್ಸ್‌ನಲ್ಲಿ ಒಂದೇ ಮನೆತನ ಒಂದು ಕೊಂಬು ಹಿಡಿದು ಕೂತಿತ್ತು. ಇಲ್ಲಿ ಐದು ಮನೆತನ ಬಂದು ಹೋದವು. ಯಾಕೆ ಅಂತ ಕೇಳಿದರೆ ಊರಿನವರು ಕಲ್ಲಿನ ಕಥೆ ಹೇಳುತ್ತಾರೆ.

ಹದಿಮೂರನೇ ಶತಮಾನದಲ್ಲಿ ಥಾಮಸ್ ಅಂತ ಒಬ್ಬ ಕವಿ ಇದ್ದ. 'ಪದ ಕಟ್ಟುವ ಥಾಮಸ್' ಎಂದೇ ಸ್ಕಾಟ್‌ಲೆಂಡ್‌ನವರು ಅವನನ್ನು ಕರೆಯುವುದು. ಆಡಿದ ಮಾತು ನಿಜವಾಗುತ್ತದೆ ಅಂತ ಜನ ಅವನಿಗೆ ಹೆದರುತ್ತಿದ್ದರು. ಅವನು ಬರಲಿ ಅಂತ ಫೈವಿಯವರು ಏಳು ವರ್ಷ ಬಾಗಿಲು ತೆರೆದೇ ಇಟ್ಟಿದ್ದರಂತೆ. ಕೊನೆಗೆ ಅವನು ಬಂದ ದಿನ ಬಿರುಗಾಳಿ ಎದ್ದು ಅವನ ಮುಖಕ್ಕೇ ಬಾಗಿಲು ಬಡಿಯಿತು. ಅವನು ಅಲ್ಲೇ ನಿಂತು ಶಾಪ ಹಾಕಿದ. ಚರ್ಚಿನ ಜಮೀನಿನಿಂದ ಕಿತ್ತು ತಂದ ಮೂರು ಕಲ್ಲು ಈ ಮನೆಯಲ್ಲಿ ಇರುವ ತನಕ ಮನೆ ಏಳಿಗೆಯಾಗದು. ಒಂದು ಹಳೇ ಗೋಪುರದಲ್ಲಿ, ಒಂದು ಹೆಂಗಸರ ಅಂತಃಪುರದಲ್ಲಿ, ಒಂದು ನೀರಿನ ಬಾಗಿಲಲ್ಲಿ. ಮೂರನೆಯದು ನಿಮಗೆ ಯಾವತ್ತೂ ಸಿಗುವುದಿಲ್ಲ.

ಅವುಗಳಿಗೆ ಅಳುವ ಕಲ್ಲುಗಳು ಅಂತ ಹೆಸರು. ಒಂದು ಗೋಡೆಯೊಳಗೆ ಸೇರಿಹೋಗಿದೆ. ಒಂದು ನದಿಗೆ ಬಿದ್ದು ಕಳೆದುಹೋಯಿತು. ಉಳಿದ ಒಂದನ್ನು ಹಳೇ ಕಾಗದಪತ್ರ ಇಡುತ್ತಿದ್ದ ಕೋಣೆಯಲ್ಲಿ, ಬಟ್ಟಲಲ್ಲಿ ಇಟ್ಟಿದ್ದಾರೆ. ನಾನು ಬಗ್ಗಿ ನೋಡಿದೆ. ಅದು ಒಡವೆಯ ಕಲ್ಲಲ್ಲ. ರಸ್ತೆ ಬದಿಯಲ್ಲಿ ಬಿದ್ದಿದ್ದರೆ ಯಾರೂ ಮುಟ್ಟುವುದಿಲ್ಲ. ಕೆಲವು ದಿನ ಒಣಗಿರುತ್ತದೆ, ಕೆಲವು ದಿನ ತಾನೇ ಬೆವರಿದ ಹಾಗೆ ಒದ್ದೆಯಾಗುತ್ತದೆ, ಬಟ್ಟಲಲ್ಲಿ ನೀರು ನಿಲ್ಲುತ್ತದೆ ಎಂದು ಮನೆ ತೋರಿಸುತ್ತಿದ್ದ ಹಿರಿಯ ಮಹಿಳೆ ಹೇಳಿದರು. ಮರಳುಗಲ್ಲು ಗಾಳಿಯ ತೇವ ಹೀರಿ ಬಿಡುವುದು ಹೊಸದೇನಲ್ಲ. ಆದರೆ ತೇವ ಬಂದ ದಿನ ಮನೆಯಲ್ಲಿ ಏನೋ ಕೆಟ್ಟದ್ದು ಆಯಿತು ಅಂತ ಒಂದು ಸಲ ನೆನಪಿಟ್ಟುಕೊಂಡರೆ ಸಾಕು. ಆಮೇಲೆ ಆ ಮನೆಯವರೆಲ್ಲ ಕಲ್ಲನ್ನು ನೋಡುತ್ತಲೇ ಬದುಕುತ್ತಾರೆ ಅಲ್ವಾ.

1433ರಿಂದ ಇಲ್ಲಿ ಅಪ್ಪನಿಂದ ಹಿರಿಯ ಮಗನಿಗೆ ಆಸ್ತಿ ನೇರವಾಗಿ ಇಳಿದಿಲ್ಲ ಎನ್ನುತ್ತಾರೆ. ಆ ವರ್ಷ ಪ್ರೆಸ್ಟನ್‌ರ ಮಗಳ ಕಡೆಯಿಂದ ಮನೆ ಮೆಲ್ಡ್ರಮ್‌ರಿಗೆ ಹೋಯಿತು.

ಇನ್ನೊಂದು ಕಥೆ ಆ ಕಾಗದಪತ್ರದ ಕೋಣೆಯ ಕೆಳಗಿನದು. ಅಲ್ಲಿ ಬಾಗಿಲೇ ಇಲ್ಲದ ಒಂದು ಗುಪ್ತ ಕೋಣೆ ಇದೆಯಂತೆ. ತೆರೆದ ಯಜಮಾನ ಸಾಯುತ್ತಾನೆ, ಅವನ ಹೆಂಡತಿಯ ಕಣ್ಣು ಹೋಗುತ್ತದೆ. ಇಬ್ಬರು ಪ್ರಯತ್ನ ಮಾಡಿ ಅನುಭವಿಸಿದರು ಅಂತ ಪ್ರತೀತಿ. ಇವತ್ತಿಗೂ ಅದನ್ನು ಹಾಗೇ ಬಿಟ್ಟಿದ್ದಾರೆ.

ಇನ್ನು ಆ ಕಿಟಕಿ.

1596ರಲ್ಲಿ ಈ ಮನೆ ಕೊಂಡವನು ಅಲೆಕ್ಸಾಂಡರ್ ಸೀಟನ್. ದೊಡ್ಡ ವಕೀಲ, ಓದಿದವನು, ಮುಂದೆ ಸ್ಕಾಟ್‌ಲೆಂಡ್‌ನ ಚಾನ್ಸಲರ್, ಅಂದರೆ ರಾಜ್ಯದ ಅತಿ ದೊಡ್ಡ ಅಧಿಕಾರಿ, ಆದವನು. ಮುಂದೆ ದೊರೆಯಾಗಿ ತಲೆ ಕಳೆದುಕೊಂಡ ಒಂದನೇ ಚಾರ್ಲ್ಸ್ ಮಗುವಾಗಿದ್ದಾಗ ಬೆಳೆದಿದ್ದು ಇವನ ಕೈಯಲ್ಲಿ. ಇಲ್ಲಿನ ದೊಡ್ಡ ಸುತ್ತುಮೆಟ್ಟಿಲು ಇವನೇ ಕಟ್ಟಿಸಿದ್ದು. ಕುದುರೆ ಹತ್ತಿಸಬಹುದು ಅಷ್ಟು ಅಗಲ. ಪಂದ್ಯ ಕಟ್ಟಿ ಹತ್ತಿಸಿದ್ದರು ಎಂದೂ ಹೇಳುತ್ತಾರೆ. ತಲೆಯ ಮೇಲೆ ಕಲ್ಲಿನಲ್ಲಿ ಸೀಟನ್‌ರ ಚಂದ್ರನ ಗುರುತು, ಐದೆಸಳಿನ ಹೂವು, ಮತ್ತೆ ಮತ್ತೆ. ತನ್ನ ಹೆಸರು ಉಳಿಯಬೇಕು ಅನ್ನುವ ಆಸೆ ಮೆಟ್ಟಿಲು ಮೆಟ್ಟಿಲಿಗೂ ಕಾಣುತ್ತದೆ.

1592ರಲ್ಲಿ ಅವನು ಮದುವೆಯಾಗಿದ್ದು ಲಿಲಿಯಸ್ ಡ್ರಮಂಡ್‌ಳನ್ನು. ಲಾರ್ಡ್ ಡ್ರಮಂಡ್‌ನ ಮಗಳು. ಐದು ಹೆಣ್ಣುಮಕ್ಕಳಾದವು. ಗಂಡಾಗಲಿಲ್ಲ. 1601ರ ಮೇ 8ರಂದು ಅವಳು ತೀರಿಕೊಂಡಳು. ಅದೇ ಅಕ್ಟೋಬರ್ 27ಕ್ಕೆ ಸೀಟನ್ ಗ್ರಿಸೆಲ್ ಲೆಸ್ಲಿ ಅನ್ನುವವಳನ್ನು ಮದುವೆಯಾದ. ವರ್ಷದ ತಿಥಿ ಇರಲಿ, ಆರನೇ ತಿಂಗಳ ಮಾಸಿಕವೂ ಆಗಿರಲಿಲ್ಲ.

ಇಷ್ಟು ದಾಖಲೆಯಲ್ಲಿರುವುದು. ಇಲ್ಲಿಂದ ಮುಂದೆ ಜನ ಹೇಳಿಕೊಂಡು ಬಂದದ್ದು. ಗಂಡು ಮಗು ಕೊಡಲಿಲ್ಲ ಅಂತ ಗಂಡ ಅವಳನ್ನು ಕೂಡಿಹಾಕಿ ಉಪವಾಸ ಕೆಡವಿ ಕೊಂದ. ಅಷ್ಟು ಹೊತ್ತಿಗೇ ಗ್ರಿಸೆಲ್ ಮೇಲೆ ಅವನಿಗೆ ಕಣ್ಣಿತ್ತು. ಮದುವೆಯ ರಾತ್ರಿ ಹೊಸ ಜೋಡಿ ಮಲಗಿದ್ದಾಗ ಕಿಟಕಿಯ ಹೊರಗಿನಿಂದ ಭಾರವಾದ ನಿಟ್ಟುಸಿರು ಕೇಳಿಸಿತು. ಎದ್ದು ನೋಡಿದರೆ ಯಾರೂ ಇಲ್ಲ. ರಾತ್ರಿಯಿಡೀ ಕೇಳಿಸಿತು. ಬೆಳಕು ಹರಿದ ಮೇಲೆ ನೋಡಿದರೆ ಕಿಟಕಿಯ ಹೊರಗಿನ ಕಲ್ಲಿನ ಮೇಲೆ ಅವಳ ಹೆಸರು.

ಆ ಕೋಣೆಗೆ ಈಗ ಡ್ರಮಂಡ್ ಕೋಣೆ ಅಂತಲೇ ಹೆಸರು. ನಾವು ಹೋದಾಗ ಬೇರೆ ಯಾರೂ ಇರಲಿಲ್ಲ. ಆ ಹಿರಿಯ ಮಹಿಳೆ ಪರದೆ ಸರಿಸಿ, ನನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, "ಕೆಳಗೆ ನೋಡಿ" ಎಂದರು. ಗಾಜಿನಾಚೆ ಕಲ್ಲಿನ ಅಂಚು. ಅದರ ಮೇಲೆ 'ಡಿ ಲಿಲೀಸ್ ಡ್ರಮಂಡ್'. ಡಿ ಅಂದರೆ ಡೇಮ್, ದೊಡ್ಡ ಮನೆಯ ಗೃಹಿಣಿ. ಒಂದೊಂದು ಅಕ್ಷರ ಮೂರು ಇಂಚಿನಷ್ಟು. ಗೀಚಿದ್ದಲ್ಲ, ಆಳವಾಗಿ ಕೆತ್ತಿದ್ದು. ಅಂಚಿನ ಮೂಲೆಗಳಲ್ಲಿ ಹಾವಸೆ ಹಿಡಿದಿತ್ತು. ಬೆಳಗಿನ ತುಂತುರು ಮಳೆಯ ನೀರು ಅಕ್ಷರಗಳ ಒಳಗೆ ನಿಂತಿತ್ತು.

ಫೋಟೋದಲ್ಲಿ ನನಗೆ ಗೊತ್ತಾಗದ ಒಂದು ವಿಷಯ ಅಲ್ಲಿ ನಿಂತಾಗ ಗೊತ್ತಾಯಿತು. ಒಳಗಿನಿಂದ ನೋಡಿದರೆ ಅಕ್ಷರ ತಲೆಕೆಳಗು. ಓದಲು ನಾನು ಕತ್ತು ಪೂರ್ತಿ ಹೊರಳಿಸಬೇಕಾಯಿತು. ನೆಲದಿಂದ 50 ಅಡಿಗೂ ಮೇಲೆ, ಹೊರಗಡೆ, ಗಾಳಿಯಲ್ಲಿ ಕೋಣೆಯತ್ತ ಮುಖ ಮಾಡಿ ನಿಂತವರಿಗೆ ಮಾತ್ರ ಅದು ನೆಟ್ಟಗೆ ಕಾಣುತ್ತದೆ. ನನ್ನ ಮೈ ಜುಮ್ಮೆಂದಿತು. ಅಲ್ಲಿ ಮನುಷ್ಯರು ನಿಲ್ಲುವ ಜಾಗವೇ ಇಲ್ಲ.

ಯಾವ ಕಲ್ಲುಕುಟಿಗನೋ ಏಣಿ ಕಟ್ಟಿ ಕೆತ್ತಿರಬಹುದು. ಯಾರೋ ಅವಳ ಮೇಲಿನ ಪ್ರೀತಿಗೆ ಹೇಳಿ ಕೆತ್ತಿಸಿರಬಹುದು. ಅದು ನಿಜವಾದರೂ ನನಗೆ ಅಷ್ಟೇ ದೊಡ್ಡದು. ಒಬ್ಬರಿಗಾದರೂ ಆ ಹೆಸರು ಅಲ್ಲಿರಬೇಕು ಅನ್ನಿಸಿತ್ತಲ್ಲ.

ಅವಳೂ ಹಸಿರು ಬಟ್ಟೆಯಲ್ಲೇ ಕಾಣಿಸಿಕೊಳ್ಳುತ್ತಾಳೆ. ಮೆಟ್ಟಿಲಲ್ಲಿ, ಹಜಾರದಲ್ಲಿ. ಬರುವ ಮೊದಲು ಗುಲಾಬಿ ಪರಿಮಳ ಬರುತ್ತದೆ ಎನ್ನುತ್ತಾರೆ. ನಾವು ಇಳಿದು ಬರುವಾಗ ಬಂದದ್ದು ಹಳೇ ಮರದ, ಮೇಣದ ವಾಸನೆ.

ಕೆಳಗೆ ಬಂದೂಕಿನ ಕೋಣೆಯಲ್ಲಿ ಇನ್ನೊಂದು ಕಥೆ. 1920ರಲ್ಲಿ ಗೋಡೆಯ ಮೇಲೆ ದೊಡ್ಡ ಅಣಬೆ ಬೆಳೆಯಿತು. ಗೋಡೆ ಒಡೆದಾಗ ಹಿಂದೆ ಒಬ್ಬ ಹೆಂಗಸಿನ ಅಸ್ಥಿಪಂಜರ ಇತ್ತು. ಸ್ಮಶಾನದಲ್ಲಿ ಹೂತರು. ಅಂದಿನಿಂದ ಮನೆಯಲ್ಲಿ ಕಾಟ ಶುರುವಾಗಿ, ಮೂಳೆಗಳನ್ನು ವಾಪಸ್ ತಂದು ಅದೇ ಗೋಡೆಯಲ್ಲಿ ಇಟ್ಟು ಕಟ್ಟಿದರಂತೆ. ಅವಳ ಹೆಸರೂ ಖಚಿತವಿಲ್ಲ. ಬೂದು ಬಟ್ಟೆಯ ಹೆಂಗಸು ಅಷ್ಟೇ.

ಇಲ್ಲಿನ ಗೋಡೆಗಳ ತುಂಬ ದೊಡ್ಡ ದೊಡ್ಡ ಚಿತ್ರಗಳಿವೆ. ರೇಬರ್ನ್ ಬರೆದ ಭಾವಚಿತ್ರಗಳೇ ಎಷ್ಟೊಂದು. 1766ರಲ್ಲಿ ರೋಮ್‌ನಲ್ಲಿ ಬಟೋನಿ ಬರೆದ ಕರ್ನಲ್ ವಿಲಿಯಂ ಗಾರ್ಡನ್ ಚಿತ್ರದ ಮುಂದೆ ಮಗಳು ತುಂಬ ಹೊತ್ತು ನಿಂತಿದ್ದಳು. ನನಗೆ ಮನಸ್ಸು ಇರಲಿಲ್ಲ. ಇನ್ನೂ ಮೇಲಿನ ಕಿಟಕಿಯಲ್ಲೇ ಇತ್ತು.

ನಾಲ್ಕನೇ ದಿನ: ಚರ್ಚು, ಸಮಾಧಿ, ಹೊಳೆ

ರಾತ್ರಿ ಹತ್ತಿರದ ಟರಿಫ್ ಊರಿನಲ್ಲಿ ಉಳಿದು ಬೆಳಿಗ್ಗೆ ಮತ್ತೆ ಫೈವಿಗೆ ಬಂದೆವು. ಊರಿನ ಚರ್ಚಿನಲ್ಲಿ ಒಂದು ಬಣ್ಣದ ಗಾಜಿನ ಕಿಟಕಿ ಇದೆ. ಅಮೆರಿಕದ ಟಿಫನಿಯವರು ಮಾಡಿದ್ದು. ಅದರ ಕಥೆ ಕೇಳಿದ ಮೇಲೆ ನನಗೆ ಬಟ್ಟಲಿನ ಕಲ್ಲು ಮತ್ತೆ ನೆನಪಾಯಿತು.

1889ರಲ್ಲಿ ಮನೆ ಕೊಂಡವನು ಅಲೆಕ್ಸಾಂಡರ್ ಫೋರ್ಬ್ಸ್-ಲೀತ್. ಇದೇ ಸೀಮೆಯವನು. ಅಮೆರಿಕಕ್ಕೆ ಹೋಗಿ ಉಕ್ಕಿನ ವ್ಯಾಪಾರದಲ್ಲಿ ದುಡ್ಡು ಮಾಡಿ ಬಂದು, ಐದನೇ ಗೋಪುರ ಕಟ್ಟಿಸಿದ. ಒಬ್ಬನೇ ಮಗ, ಪರ್ಸಿ. 1900ರಲ್ಲಿ ಬೋಯರ್ ಯುದ್ಧಕ್ಕೆ ಹೋದವನು ದಕ್ಷಿಣ ಆಫ್ರಿಕಾದಲ್ಲಿ ತೀರಿಕೊಂಡ. ಇನ್ನೂ ಹುಡುಗ. ಆ ಕಿಟಕಿ ಅವನ ನೆನಪಿನದು. ಬಿಸಿಲು ಬಂದಾಗ ಅದರ ಬಣ್ಣ ಚರ್ಚಿನ ನೆಲದ ಮೇಲೆ ಬಿತ್ತು. ಮನೆ ಫೋರ್ಬ್ಸ್-ಲೀತ್‌ನ ಮಗಳಿಗೆ ಹೋಯಿತು. 1984ರಲ್ಲಿ ಆ ಕುಟುಂಬ ಅದನ್ನು ಹಳೇ ಮನೆಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್‌ಲೆಂಡ್‌ಗೆ ಮಾರಿಬಿಟ್ಟಿತು. ಶಾಪ ಅಂತ ನಾನು ನಂಬುವುದಿಲ್ಲ. ಆದರೆ ಮಗನನ್ನು ಕಳೆದುಕೊಂಡ ಆ ತಂದೆ ಕಾಗದದ ಕೋಣೆಗೆ ಹೋಗಿ ಕಲ್ಲು ಮುಟ್ಟಿ ನೋಡಿರಲಾರನೇ?

ಚರ್ಚಿನ ಅಂಗಳದಲ್ಲಿ ಹುಡುಕಿದ್ದು ಇನ್ನೊಂದು ಸಮಾಧಿ. ಆಗ್ನೆಸ್ ಸ್ಮಿತ್. ಕಲ್ಲಿನ ಮೇಲೆ 1673ರ ಜನವರಿ 19 ಎಂದಿದೆ. ಈ ಸೀಮೆಯ ಹಳೇ ಹಾಡೊಂದರಲ್ಲಿ ಅವಳ ಹೆಸರು ಆನಿ. ಟಿಫ್ಟಿ ಗಿರಣಿಯವನ ಮಗಳು. ಕೋಟೆಯಲ್ಲಿ ಕಹಳೆ ಊದುತ್ತಿದ್ದ ಆಂಡ್ರ್ಯೂ ಲ್ಯಾಮಿಯನ್ನು ಮೆಚ್ಚಿದಳು. ಆಸ್ತಿ ಇಲ್ಲದ ಕಹಳೆಯವನಿಗೆ ಕೊಡಲು ಮನೆಯವರು ಒಪ್ಪಲಿಲ್ಲ. ಅಪ್ಪ ಹೊಡೆದ, ಅಮ್ಮ ಹೊಡೆದಳು, ಅಕ್ಕತಂಗಿಯರೂ ಬಿಡಲಿಲ್ಲ. ಕೊನೆಗೆ ಅಣ್ಣ ಅವಳ ಬೆನ್ನು ಮುರಿದ. ಆ ಹಾಡನ್ನು ಈ ಸೀಮೆಯವರು ನೂರಾರು ವರ್ಷದಿಂದ ಹಾಡುತ್ತಿದ್ದಾರೆ. ಕೋಟೆಯ ತುದಿಯಲ್ಲಿ ಕಹಳೆ ಎತ್ತಿದ ಕಲ್ಲಿನ ಗೊಂಬೆ ಇದೆ. ಅವನ ಮುಖ ಟಿಫ್ಟಿಯ ಕಡೆಗೆ. ಮನೆಯ ಯಜಮಾನ ಸಾಯುವ ಮೊದಲು ಕಹಳೆ ಕೇಳಿಸುತ್ತದೆ ಎನ್ನುವುದು ಆಮೇಲೆ ಬೆಳೆದ ಮಾತು.

ಸಮಾಧಿಯ ಹತ್ತಿರ ಯಾರೋ ಒಂದು ಹಿಡಿ ನೇರಳೆ ಹೀದರ್ ಹೂ ಇಟ್ಟಿದ್ದರು. ಇನ್ನೂ ಬಾಡಿರಲಿಲ್ಲ.

ಮಧ್ಯಾಹ್ನದ ಬಸ್ಸು ಬರಲೇ ಇಲ್ಲ. ಮುಂದಿನದಕ್ಕೆ ಒಂದು ಗಂಟೆ. ಮಳೆ ಬೇರೆ. ನಿಲ್ದಾಣದಲ್ಲಿ ನಮ್ಮ ಜೊತೆ ನಿಂತಿದ್ದ ಅಜ್ಜ ಆನಿಯ ಹಾಡನ್ನು ತಮ್ಮ ತಾಯಿ ಹಾಲು ಕರೆಯುವಾಗ ಹಾಡುತ್ತಿದ್ದರು ಎಂದರು. ಅವರ ಮಾತು ಮಗಳಿಗೇ ಅರ್ಧ ತಿಳಿಯಲಿಲ್ಲ, ಈ ಕಡೆಯ ಡೋರಿಕ್ ಆಡುಮಾತು ಹಾಗಿದೆ. ಹಾಡಿ ಅಂದೆವು. ನಾಚಿದರು. ಆಮೇಲೆ ರಸ್ತೆ ನೋಡುತ್ತಾ, ಸಣ್ಣ ದನಿಯಲ್ಲಿ ಎರಡು ಚರಣ ಹಾಡಿದರು. ನಮ್ಮ ಬೀಸುವ ಪದದ ಹಾಗೇ ಏರಿಳಿತ ಜಾಸ್ತಿ ಇಲ್ಲ, ಒಂದೇ ಧಾಟಿ.

ಬಸ್ಸು ಬರುವ ಮುಂಚೆ ಸೇತುವೆ ತನಕ ನಡೆದು ಐಥನ್ ನೋಡಿ ಬಂದೆ. ಕಂದು ಬಣ್ಣದ ನೀರು, ತಳ ಕಾಣುತ್ತದೆ. ತಳದ ತುಂಬ ಕಲ್ಲುಗಳು. ಮೂರನೆಯದು ಇವುಗಳಲ್ಲಿ ಒಂದಾಗಿದ್ದರೂ ಯಾರು ಗುರುತು ಹಿಡಿಯುತ್ತಾರೆ?

ಐದನೇ ದಿನ: ಡಾಲ್ಗೆಟಿ

ಎಡಿನ್‌ಬರೋಗೆ ರೈಲು ಹತ್ತಿದೆವು. ದಾರಿಯಲ್ಲಿ ಇಳಿಯೋಣ ಎಂದು ಹಟ ಮಾಡಿದ್ದು ನಾನೇ. ಯಾಕೆಂದರೆ ಲಿಲಿಯಸ್ ತೀರಿಕೊಂಡಿದ್ದು ಫೈವಿಯಲ್ಲಿ ಅಲ್ಲ. ದಾಖಲೆ ಪ್ರಕಾರ ಅವಳು ಸತ್ತದ್ದು ಡಾಲ್ಗೆಟಿಯಲ್ಲಿ, ಫೈವಿಯಿಂದ ಎಷ್ಟೋ ದಕ್ಷಿಣಕ್ಕೆ, ಫೈಫ್ ಸೀಮೆಯ ಕಡಲ ತೀರದಲ್ಲಿ. ಸೀಟನ್‌ನ ಇನ್ನೊಂದು ಮನೆ ಅಲ್ಲಿತ್ತು. ಹಾಗಾದರೆ ಆ ಕೋಣೆ, ಉಪವಾಸ, ಕಿಟಕಿ? ಕಥೆಯಲ್ಲಿ ಅವಳು ತಾನು ಸತ್ತ ಮನೆಗೆ ಹೋಗಲಿಲ್ಲ. ತನ್ನ ಜಾಗದಲ್ಲಿ ಇನ್ನೊಬ್ಬಳು ಮಲಗಿದ್ದ ಮನೆಗೆ ಹೋದಳು.

ನಿಲ್ದಾಣದಿಂದ ಹೊಸ ಮನೆಗಳ ಸಾಲು ದಾಟಿ ಸಮುದ್ರದ ಪಕ್ಕ ನಡೆದರೆ ಸೇಂಟ್ ಬ್ರಿಜೆಟ್ ಚರ್ಚು. 1244ರಲ್ಲಿ ಪ್ರತಿಷ್ಠೆಯಾದದ್ದು. ಈಗ ಚಾವಣಿ ಇಲ್ಲ. ಪಶ್ಚಿಮದ ತುದಿಯಲ್ಲಿ ಸೀಟನ್ ಕಟ್ಟಿಸಿದ ಎರಡು ಅಂತಸ್ತು ಇನ್ನೂ ನಿಂತಿದೆ. ಮೇಲೆ ಅವನು ಕೂತು ಪ್ರಾರ್ಥನೆ ಕೇಳುತ್ತಿದ್ದ ಕೋಣೆ, ಕೆಳಗೆ ಅವನ ಮನೆತನದ ಸಮಾಧಿ. ಅವನು 1622ರಲ್ಲಿ ತೀರಿಕೊಂಡಾಗ ಇಲ್ಲಿಗೇ ತಂದರು. ಗ್ರಿಸೆಲ್ ಕೂಡ ಬೇಗ ಹೋಗಿದ್ದಳು, 1606ರಲ್ಲಿ. ಅವನು ಕಾದಿದ್ದ ವಾರಸುದಾರ ಹುಟ್ಟಿದ್ದು ಮೂರನೇ ಹೆಂಡತಿ ಮಾರ್ಗರೆಟ್ ಹೇ ಹೊಟ್ಟೆಯಲ್ಲಿ.

ನಾನು ಗೋಡೆಯ ಸುತ್ತ ಎರಡು ಸಲ ಸುತ್ತಿದೆ. ಹುಲ್ಲಿನಲ್ಲಿ ಒರಗಿದ ಕಲ್ಲುಗಳನ್ನೆಲ್ಲ ಬಗ್ಗಿ ಓದಿದೆ. ಲಿಲಿಯಸ್ ಅನ್ನುವ ಹೆಸರು ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ. ಸಮುದ್ರ ಇಳಿದಿತ್ತು. ಕೆಸರಿನಲ್ಲಿ ಹಕ್ಕಿಗಳು ಹೆಕ್ಕುತ್ತಿದ್ದವು. ಆಚೆ ದಡದಲ್ಲಿ ಎಡಿನ್‌ಬರೋ ಮಂಜಿನಲ್ಲಿ ಕಾಣುತ್ತಿತ್ತು.

ಮಗಳು ಫೋನಿನಲ್ಲಿ ಆ ಕಿಟಕಿಯ ಫೋಟೋ ಮತ್ತೆ ತೆಗೆದು, ಬೆರಳಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದಳು.

"ಅಮ್ಮ, ಡ್ರಮಂಡ್ ಅವಳ ತವರಿನ ಹೆಸರು ಅಲ್ವಾ?"

ಹೌದು. ಆಗಿನ ಸ್ಕಾಟ್‌ಲೆಂಡ್‌ನಲ್ಲಿ ಮದುವೆಯಾದರೂ ಹೆಣ್ಣುಮಕ್ಕಳು ಅಪ್ಪನ ಮನೆಯ ಹೆಸರು ಬಿಡುತ್ತಿರಲಿಲ್ಲ.

"ಅಲ್ಲಿ ಎಲ್ಲ ಕಡೆ ಅವನ ಗುರುತು ಇದೆ. ಮೆಟ್ಟಿಲಲ್ಲಿ, ಚಾವಣಿಯಲ್ಲಿ. ಆ ಒಂದು ಕಲ್ಲಲ್ಲಿ ಮಾತ್ರ ಇಲ್ಲ."

ಅವಳ ಕೈಯಿಂದ ಫೋನು ತೆಗೆದುಕೊಂಡು ತಲೆಕೆಳಗೆ ತಿರುಗಿಸಿ ಹಿಡಿದೆ. ಈಗ ಅಕ್ಷರ ನೆಟ್ಟಗೆ ಓದಲು ಬಂತು. ಇಬ್ಬರೂ ಒಂದು ಸಲ ಗಟ್ಟಿಯಾಗಿ ಓದಿದೆವು. ಆಮೇಲೆ ನಾಲ್ಕು ಗಂಟೆಯ ರೈಲಿಗೆ ಹೊರಟೆವು.